ಕರುಳಿನ ಆಪರೇಷನ್: ತೂತಾ, ಕೊಯ್ತಾ?

ಎಲ್ಲರಿಗೂ ನಮಸ್ಕಾರ. ಕರುಳಿನ ಆಪರೇಷನ್‌ಗೆ ಸಣ್ಣ ತೂತಿನ ಲ್ಯಾಪ್ರೋಸ್ಕೋಪಿ ಒಳ್ಳೆಯದೋ, ಹೊಟ್ಟೆ ಕೊಯ್ದು ಮಾಡುವ ಓಪನ್ ಒಳ್ಳೆಯದೋ ಅನ್ನೋ ನಿನ್ನೆಯ ಚರ್ಚೆಗೆ ನನ್ನದೂ ಎರಡು ಮಾತು.

ಲ್ಯಾಪ್ರೋಸ್ಕೋಪಿಯಲ್ಲಿ 1 ಸೆಂಟಿಮೀಟರ್ ಆಸುಪಾಸಿನ ನಾಲ್ಕೈದು ತೂತು ಮಾಡಿ, ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಕ್ಯಾಮೆರಾದಲ್ಲಿ ನೋಡುತ್ತಾ ಕೆಲಸ ಮಾಡುತ್ತಾರೆ. ಕತ್ತರಿಸಿದ ಕರುಳನ್ನು ಹೊರತೆಗೆಯಲು ಒಂದು ಗಾಯ ಸ್ವಲ್ಪ ದೊಡ್ಡದೇ ಆಗುತ್ತದೆ. ನೋವು ಕಡಿಮೆ, ಸಾಮಾನ್ಯವಾಗಿ ಮನೆಗೂ ಬೇಗ. ನನಗೆ ಮಾತ್ರ ಎರಡು ದಿನ ಭುಜ ನೋವು! ಹಾರ್ಟಿನದ್ದೇ ಅಂದುಕೊಂಡು ಬೆವರಿದ್ದೆ. ಹೊಟ್ಟೆಗೆ ತುಂಬಿದ ಆ ಗ್ಯಾಸ್‌ನಿಂದಂತೆ.

ಹಾಗಂತ ಓಪನ್ ಅಂದರೆ ಹಳೇ ಕಾಲದ್ದು ಅಂತಲ್ಲ. ಕರುಳು ಒಡೆದು ಹೊಟ್ಟೆಯೆಲ್ಲ ಕೀವಾದಾಗ, ಹಿಂದಿನ ಆಪರೇಷನ್‌ನಿಂದ ಕರುಳು ಅಂಟಿಕೊಂಡಿದ್ದಾಗ ಎಷ್ಟೋ ಸಲ ಅದೇ ದಾರಿ. ಲ್ಯಾಪ್ರೋಸ್ಕೋಪಿಯನ್ನೂ ನಡುವೆ ಓಪನ್‌ಗೆ ಬದಲಿಸಬೇಕಾಗಬಹುದು. ಒಪ್ಪಿಗೆ ಪತ್ರಕ್ಕೆ ಸುಮ್ನೆ ಸಹಿ ಹಾಕಬೇಡಿ, ಹೀಗೆ ಬದಲಿಸಬೇಕಾಗಬಹುದೇ ಅಂತ ಡಾಕ್ಟರನ್ನು ಕೇಳಿ.

ದಾವಣಗೆರೆಯಲ್ಲಿದ್ದು ಆಪರೇಷನ್ ಆದಮೇಲೆ ಬೆಣ್ಣೆ ದೋಸೆ ಬಿಡೋದು ಕಷ್ಟವೇ. ಮತ್ತೆ ಯಾವಾಗ ತಿನ್ನಬಹುದು ಅಂತ ಡಾಕ್ಟರನ್ನೇ ಕೇಳಿ, ಈ ಗುಂಪಿನಲ್ಲಿ ಬೇಡ.