ಕಾಫಿ ಪುಡಿ ಬ್ರ್ಯಾಂಡ್ ನೋಂದಣಿ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸ್ವಂತ ಹೆಸರಿನಲ್ಲಿ ಪುಡಿ ಮಾರುವವರು ಪ್ಯಾಕೆಟ್ ಅಚ್ಚಿಗೆ ಕೊಡುವ ಮೊದಲೇ ಇದನ್ನು ಓದಿ.

'ಚಿಕ್ಕಮಗಳೂರು ಕಾಫಿ' ಅನ್ನೋದನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಹೋಗಬೇಡಿ. ಊರಿನ ಹೆಸರು ಒಬ್ಬರ ಸ್ವತ್ತಲ್ಲ. ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 9ರ ಆಕ್ಷೇಪಣೆ ಬಂದೇ ಬರುತ್ತದೆ. ಮೇಲಾಗಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲೇ ಜಿಐ (ಊರಿನ ಹೆಸರಿನ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದೆ. ಆ ಹೆಸರು ಬಳಸಲು ಅಧಿಕೃತ ಬಳಕೆದಾರರಾಗಿ ಬೇರೆಯೇ ನೋಂದಾಯಿಸಬೇಕು. ರೊಬಸ್ಟಾ ಎಂಬ ಬೇರೆ ಜಾತಿಯ ಕಾಫಿ ಬೆರೆಸಿದ ಪುಡಿಗೆ ಅದನ್ನು ಅಂಟಿಸುವ ಹಾಗೇ ಇಲ್ಲ.

ನಿಮ್ಮದೇ ಹೊಸ ಪದ ಹುಡುಕಿ. ಅರ್ಜಿಯಲ್ಲಿ ಸರಕು-ಸೇವೆಯ ವರ್ಗ (ಕ್ಲಾಸ್) ಹೇಳಬೇಕು: ಪುಡಿಗೆ ಕ್ಲಾಸ್ 30. ಜೊತೆಗೆ ಕೆಫೆಯೂ ಇದ್ದರೆ ಕ್ಲಾಸ್ 43. ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಉಚಿತ ಹುಡುಕಾಟ ಮಾಡಿ, ಉಚ್ಚಾರಣೆಯಲ್ಲಿ ಹೋಲುವ ಹೆಸರುಗಳನ್ನೂ ನೋಡಿ. ಅಲ್ಲೇ ಹೆಚ್ಚು ಜನ ಎಡವೋದು. ಅರ್ಜಿ ನಮೂನೆಯ ಹೆಸರು ಟಿಎಂ-ಎ. ಆನ್‌ಲೈನ್ ಶುಲ್ಕ ಒಂದು ಕ್ಲಾಸಿಗೆ 4500 ರೂ. (ವ್ಯಕ್ತಿ, ಅಥವಾ ಉದ್ಯಮ್ (ಸಣ್ಣ ಉದ್ದಿಮೆ ನೋಂದಣಿ) ಪತ್ರವಿರುವ ಸಣ್ಣ ಘಟಕ), ಉಳಿದವರಿಗೆ 9000. ಆ ಹೆಸರನ್ನು ಮೊದಲಿಂದಲೇ ಬಳಸುತ್ತಿದ್ದೀರಿ ಎಂದು ತೋರಿಸುವುದಾದರೆ ಅಫಿಡವಿಟ್ ಜೊತೆ ಹಳೇ ಬಿಲ್ಲುಗಳು ಬೇಕು; ಗೋಣಿ ಮೇಲಿನ ಸೀಲು ಸಾಲದು.

ಅರ್ಜಿ ಪರಿಶೀಲಿಸಿ ಇಲಾಖೆ ಆಕ್ಷೇಪಣೆ ತಿಳಿಸುವ ಪರೀಕ್ಷಾ ವರದಿ ಬಂದರೆ ಒಂದು ತಿಂಗಳೊಳಗೆ ಉತ್ತರಿಸಿ, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಹಾಗಾಗಿ ಏಜೆಂಟರ ಇಮೇಲ್ ಮಾತ್ರವಲ್ಲ, ನಿಮ್ಮದನ್ನೂ ಕೊಟ್ಟಿರಿ. ಇಲಾಖೆಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರ ತಕರಾರಿಗೆ 4 ತಿಂಗಳು. ಈ ಹೊತ್ತಿಗೇ 'ಶುಲ್ಕ ಕಟ್ಟಿ' ಎಂಬ ನಕಲಿ ಪತ್ರಗಳು ಬರುತ್ತವೆ, ಅರ್ಜಿ ಸ್ಥಿತಿ ನೋಡದೆ ಹಣ ಹಾಕಬೇಡಿ.

ನೋಂದಣಿಯಾಗುವ ತನಕ ಹೆಸರಿನ ಪಕ್ಕ 'ಟಿಎಂ' ಗುರುತು ಮಾತ್ರ. ನೋಂದಾಯಿತ ಎಂದು ಸೂಚಿಸುವ, ವೃತ್ತದೊಳಗಿನ 'ಆರ್' ಹಾಕಿದರೆ ಅಪರಾಧ.