ನಮ್ಮ ಲೈಬ್ರರಿಯ ಇಲಿ ಪುಸ್ತಕದ ಬಗ್ಗೆ ಪೋಷಕರಿಗೆ ಪತ್ರ

ಪೋಷಕರಿಗೆ ನಮಸ್ಕಾರ.

ಕಳೆದ ಶುಕ್ರವಾರದಿಂದ ತರಗತಿಗಳ ವಾಟ್ಸಾಪ್ ಗುಂಪುಗಳಲ್ಲಿ ನಮ್ಮ ಲೈಬ್ರರಿಯ ಕಾಮಿಕ್ಸ್ ಪುಸ್ತಕವೊಂದರ ಪುಟದ ಫೋಟೊ ಓಡಾಡುತ್ತಿದೆ. ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ, ನಾನೂ ನೋಡಿದೆ. ಕೆಲವರು ಫೋನ್ ಮಾಡಿದಿರಿ, ಮೂವರು ಖುದ್ದಾಗಿ ಬಂದು ಮಾತಾಡಿದಿರಿ, ಒಬ್ಬರು ಲಿಖಿತ ದೂರನ್ನೇ ಕೊಟ್ಟಿದ್ದೀರಿ. ಒಬ್ಬೊಬ್ಬರಿಗೆ ಒಂದೊಂದು ಥರ ಉತ್ತರ ಕೊಟ್ಟು ಮಾತಿಗೆ ಮಾತು ಬೆಳೆಯುವುದು ಬೇಡವೆಂದು ಎಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನಾಲ್ಕನೇ ತರಗತಿಯ ಮಗುವೊಂದು ಲೈಬ್ರರಿ ಪೀರಿಯಡ್‌ನಲ್ಲಿ ಇಲಿಯ ಚಿತ್ರವಿರುವ ಪುಸ್ತಕ ಆರಿಸಿಕೊಂಡು ಮನೆಗೆ ಒಯ್ದಿತ್ತು. ರಾತ್ರಿ ಊಟವಾದ ಮೇಲೆ ಅಜ್ಜಿಯ ಪಕ್ಕ ಕೂತು ಪುಟ ತಿರುವುತ್ತಾ ಹೋದಾಗ ಇಲಿಗಳನ್ನು ಬೀದಿಯಲ್ಲಿ ನೇಣಿಗೆ ಹಾಕಿದ ಚಿತ್ರ ಬಂತು. ಅಜ್ಜಿ ಪುಸ್ತಕ ಕಿತ್ತಿಟ್ಟರು. ಮಗು ಆ ರಾತ್ರಿ ಲೈಟ್ ಆರಿಸಲು ಬಿಡಲಿಲ್ಲವಂತೆ.

ಇದು ನಮ್ಮ ತಪ್ಪು. ಆ ಪುಸ್ತಕ ಅಮೆರಿಕದ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’ ಎಂಬ ಕಾಮಿಕ್ಸ್. ಅದರಲ್ಲಿ ಇಲಿಗಳೆಂದರೆ ಯಹೂದಿಗಳು, ಬೆಕ್ಕುಗಳೆಂದರೆ ನಾಜಿಗಳು. ಅದು ಎಂಟನೇ ತರಗತಿಗಿಂತ ಕೆಳಗಿನ ಮಕ್ಕಳ ಕೈಗೆ ಹೋಗಲೇಬಾರದಿತ್ತು. ಕಪಾಟು ಜೋಡಿಸುವ ದಿನ ಗಡಿಬಿಡಿಯಲ್ಲಿ ಅದು ಮಕ್ಕಳ ಪತ್ರಿಕೆ ಬಾಲಮಂಗಳದ ಇಲಿವೀರ ಡಿಂಗನ ಪಕ್ಕ ಹೋಗಿ ಕೂತಿತ್ತು. ಕೇಳಿದರೆ, ‘ಎರಡೂ ಇಲೀನೇ ಅಲ್ವಾ ಮೇಡಂ’ ಎಂದರು ಜೋಡಿಸಿದವರು. ಮುಖಪುಟದಲ್ಲಿ ಹಿಟ್ಲರನ ಸ್ವಸ್ತಿಕ ನೋಡಿ ದೇವರ ಪುಸ್ತಕವೆಂದುಕೊಂಡವರೂ ನಮ್ಮ ಸ್ಟಾಫ್‌ರೂಮಿನಲ್ಲೇ ಇದ್ದರು. ಅವರನ್ನು ಬೈದು ಪ್ರಯೋಜನವಿಲ್ಲ. ಪುಸ್ತಕ ಒಳಗೆ ಬಿಡುವ ಮೊದಲು ನೋಡಬೇಕಾದವಳು ನಾನು. ಆ ಮಗುವಿನ ಮನೆಗೆ ಹೋಗಿ ಅಜ್ಜಿಯ ಹತ್ತಿರ ಮಾತಾಡಿ ಬಂದಿದ್ದೇನೆ. ಕಾಫಿ ಕೊಟ್ಟರು, ಎರಡು ಮಾತು ಅಂದರು. ಎರಡನ್ನೂ ತೆಗೆದುಕೊಂಡು ಬಂದೆ.

ಆದರೆ ದೂರು ಇಲ್ಲಿಗೆ ನಿಂತಿಲ್ಲ. ನೇಣಿನ ಚಿತ್ರದಿಂದ ಶುರುವಾದದ್ದು ಈಗ ‘ಲೈಬ್ರರಿಯಲ್ಲಿ ಕಾಮಿಕ್ಸ್ ಯಾಕೆ’ ಎಂಬಲ್ಲಿಗೆ ಬಂದಿದೆ. ‘ಫೀಸ್ ಕಟ್ಟೋದು ಬೊಂಬೆ ನೋಡೋಕಾ’ ಎಂದು ಒಬ್ಬರು ಕೇಳಿದಿರಿ. ಕಿರುಪರೀಕ್ಷೆ ಹತ್ತಿರ ಇರುವಾಗ ಕೇಳುವ ಮಾತೇ ಅದು, ನನಗೇನೂ ಬೇಸರವಿಲ್ಲ. ಉತ್ತರವನ್ನು ಮಾತ್ರ ಸ್ವಲ್ಪ ಉದ್ದವಾಗಿಯೇ ಕೊಡುತ್ತೇನೆ.

ಈ ಕಾಮಿಕ್ಸ್ ನಾವು ದುಡ್ಡು ಕೊಟ್ಟು ತಂದದ್ದಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮನೆ ಬದಲಿಸುವಾಗ ಒಂದು ಟ್ರಂಕ್ ತುಂಬ ಕಳಿಸಿಕೊಟ್ಟರು. ಹೆಚ್ಚಿನವು ಎಂಬತ್ತರ ದಶಕದವು. ತೆರೆದಾಗ ನುಸಿಗುಳಿಗೆಯ ವಾಸನೆ. ಕೆಲವು ಸಂಚಿಕೆಗಳ ಪಿನ್ನು ತುಕ್ಕು ಹಿಡಿದು ಹಾಳೆಗೇ ಅಂಟಿತ್ತು. ಟಿಂಕಲ್, ಅಮರ ಚಿತ್ರಕಥೆ, ಬಾಲಮಂಗಳ, 1990ರಲ್ಲಿ ನಿಂತುಹೋದ ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್, ಅಡಿಯಲ್ಲಿ ನಾಲ್ಕಾರು ವಿದೇಶಿ ಪುಸ್ತಕ. ಆ ಅಡಿಯಲ್ಲಿದ್ದವುಗಳಲ್ಲೇ ‘ಮೌಸ್’ ಇತ್ತು. ಮಕ್ಕಳು ಓದಿ ತಮಗೆ ಇಷ್ಟವಾದದ್ದಕ್ಕೆ ಓಟು ಹಾಕಲಿ, ‘ಆ ದಶಕದ ನೆಚ್ಚಿನ ಕಾಮಿಕ್ಸ್’ ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸೋಣ ಎಂದು ಶುರು ಮಾಡಿದೆವು. ಇಷ್ಟೇ ವಿಷಯ.

ಗೆದ್ದದ್ದು ಸುಪ್ಪಂಡಿ. ನಿಮಗೆ ಆಶ್ಚರ್ಯವಾಗಲಾರದು, ನಿಮ್ಮಲ್ಲೂ ಹಲವರು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿ ಮುಂದೆ ಟಿಂಕಲ್‌ಗಾಗಿ ಹಟ ಹಿಡಿದು ನಿಂತವರೇ. 1983ರಲ್ಲಿ ಟಿಂಕಲ್ಲಿಗೆ ಬಂದ ಈ ಹುಡುಗ ಯಜಮಾನ ಹೇಳಿದ್ದನ್ನು ಒಂದಕ್ಷರ ಬಿಡದೆ ಹಾಗೇ ಮಾಡುತ್ತಾನೆ, ಎಲ್ಲ ಎಡವಟ್ಟಾಗುತ್ತದೆ. ಹೇಳಿದ ಮಾತೇ ಬೇರೆ, ಅದರ ಅರ್ಥವೇ ಬೇರೆ ಎಂಬುದನ್ನು ನುಡಿಗಟ್ಟಿನ ಪಾಠದಲ್ಲಿ ನಾವು ಒಂದು ವಾರ ಬೋರ್ಡಿನ ಮೇಲೆ ಬರೆದರೂ ಐದನೇ ತರಗತಿಯ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಸುಪ್ಪಂಡಿ ಎರಡು ಪುಟದಲ್ಲಿ ಮುಟ್ಟಿಸುತ್ತಾನೆ.

ಎರಡನೇ ಜಾಗ ಶಿಕಾರಿ ಶಂಭುವಿಗೆ. ಇಲ್ಲಿ ಒಂದು ಪ್ರಸಂಗ ಹೇಳಬೇಕು. ಶಂಭು ಶುದ್ಧ ಅಂಜುಬುರುಕ. ಕಣ್ಣು ಮುಚ್ಚುವ ಹಾಗೆ ಟೋಪಿ. ಪ್ರಾಣಿ ಕಂಡರೆ ಓಡುತ್ತಾನೆ, ಓಡುವಾಗ ಎಡವುತ್ತಾನೆ, ಎಡವಿದ್ದರಿಂದಲೇ ಪ್ರಾಣಿ ಸಿಕ್ಕಿಬೀಳುತ್ತದೆ. ಊರವರು ಮಾತ್ರ ಅವನನ್ನು ವೀರ ಎಂದು ಹೊಗಳುತ್ತಾರೆ. ಆರನೇ ತರಗತಿಯ ಹುಡುಗಿಯೊಬ್ಬಳು ಒಂದು ಪುಟ ನನ್ನ ಮೇಜಿನ ಮೇಲಿಟ್ಟು ಮಾತಿನ ಗುಳ್ಳೆಯ ಮೇಲೊಂದು ಬೆರಳು, ಚಿತ್ರದ ಮೇಲೊಂದು ಬೆರಳು ಇಟ್ಟಳು. ‘ಮಿಸ್, ಇಲ್ಲಿ ಬರೆದಿರೋದು ಸುಳ್ಳು, ಇಲ್ಲಿ ಬರೆದಿರೋದು ನಿಜ. ಊರವರಿಗೆ ಗೊತ್ತಿಲ್ಲ, ನಮಗೆ ಗೊತ್ತು’ ಎಂದಳು. ಚಿತ್ರಕ್ಕೂ ಅವಳು ‘ಬರೆದಿರೋದು’ ಎಂದೇ ಅಂದದ್ದು. ವ್ಯಂಗ್ಯ ಎಂದರೇನು ಎಂದು ಎರಡು ಅಂಕಕ್ಕೆ ಕೇಳಿದರೆ ಈ ಹುಡುಗಿ ಬರೆಯಲಾರಳು, ಅದೂ ನನಗೆ ಗೊತ್ತು. ಬರೆಯುವುದನ್ನು ನಾವು ಕಲಿಸುತ್ತೇವೆ. ಕಾಣುವುದನ್ನು ಅವಳು ಕಲಿತಾಗಿದೆ.

ಹಾಗಾಗಿ ಕಾಮಿಕ್ಸ್ ಓದುವುದೂ ಓದುವುದೇ. ಪಾಠಪುಸ್ತಕದ ಬದಲಿಗೆ ಎಂದು ನಾನು ಹೇಳುತ್ತಿಲ್ಲ. ವಾರಕ್ಕೆ ಒಂದು ಲೈಬ್ರರಿ ಪೀರಿಯಡ್ ಇದೆ, ಗಣಿತದ ಪೀರಿಯಡ್ ಕಿತ್ತುಕೊಂಡಿಲ್ಲ, ಹೋಮ್‌ವರ್ಕ್ ಕಡಿಮೆ ಮಾಡಿಲ್ಲ. (ಮಾಡಿ ಎಂದು ಮಕ್ಕಳು ಕೇಳಿದ್ದಾರೆ.) ಕತೆಪುಸ್ತಕ ಓದುವ ಮಗು ಕತೆಪುಸ್ತಕವನ್ನೇ ಓದಲಿ, ಬಹಳ ಸಂತೋಷ. ಆದರೆ ಅಕ್ಷರ ಕಂಡರೆ ಮುಖ ತಿರುಗಿಸುವ ಮಗುವೂ ನಮ್ಮಲ್ಲಿದೆ, ನಿಮ್ಮ ಮನೆಯಲ್ಲೂ ಇರಬಹುದು. ಅದು ಕಾಲಿಯಾ ಕಾಗೆ, ಮೊಸಳೆ, ನರಿ ಅಂತ ನಲವತ್ತು ನಿಮಿಷ ತಲೆ ಎತ್ತದೆ ಕೂತರೆ, ಆ ಪುಸ್ತಕ ಕಿತ್ತಿಟ್ಟು ‘ಒಳ್ಳೇದು ಏನಾದರೂ ಓದು’ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಮಾರ್ಕ್ಸ್ ಮುಖ್ಯವಲ್ಲ ಎಂಬ ದೊಡ್ಡ ಮಾತು ನಾನಾಡುವುದಿಲ್ಲ, ನನ್ನ ಮಕ್ಕಳ ಮಾರ್ಕ್ಸ್ ಕಾರ್ಡ್ ನಾನೂ ಎಣಿಸಿದವಳೇ. ಆದರೂ ಮತ್ತೆ ಅದನ್ನೇ ಹೇಳುತ್ತೇನೆ: ಅದೂ ಓದೇ.

ಇದು ಹೊರಗಿನವರ ಚಟ ಎನ್ನುವವರಿಗೂ ಒಂದು ಮಾತು. ಟಿಂಕಲ್ ಶುರು ಮಾಡಿದ, ಮಕ್ಕಳೆಲ್ಲ ಅಂಕಲ್ ಪೈ ಎನ್ನುತ್ತಿದ್ದ ಅನಂತ ಪೈ ನಮ್ಮ ಕಾರ್ಕಳದವರು. ಅಮರ ಚಿತ್ರಕಥೆಯೂ ಮೊದಲು ಬಂದದ್ದು ಕನ್ನಡದಲ್ಲೇ. 1965ರ ಸುಮಾರಿಗೆ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಸಿಂಡರೆಲ್ಲಾದಂಥ ಪಾಶ್ಚಾತ್ಯ ಕತೆಗಳು ಹತ್ತು ಪುಸ್ತಕವಾಗಿ ಕನ್ನಡದಲ್ಲಿ ಅಚ್ಚಾದವು. ಅದಕ್ಕೇ ಆಮೇಲೆ ಅದೇ ಮಾಲೆಯಲ್ಲಿ ಬಂದ ಪೈ ಅವರ ‘ಕೃಷ್ಣ’ದ ಮೇಲೆ ಸಂಚಿಕೆಯ ಸಂಖ್ಯೆ ಒಂದು ಎಂದಿಲ್ಲ, ಹನ್ನೊಂದು ಎಂದಿದೆ. ಮನೆಯಲ್ಲಿ ಹಳೆಯ ಪ್ರತಿ ಇದ್ದರೆ ನೋಡಿ.

ಇನ್ನು ‘ಮೌಸ್’. ಅದನ್ನು ಸುಟ್ಟುಹಾಕಿ ಎಂದವರಿಗೆ ನನ್ನ ಉತ್ತರ ಇಲ್ಲ ಎಂದೇ. ವಾಪಸ್ ಕಳಿಸುವುದೂ ಇಲ್ಲ. ಸ್ಪೀಗೆಲ್‌ಮನ್ ಅದನ್ನು 1980ರಿಂದ ಕಂತುಗಳಲ್ಲಿ ಬರೆದರು. ಮೊದಲ ಭಾಗ ಪುಸ್ತಕವಾದದ್ದು 1986ರಲ್ಲಿ, ಎರಡನೆಯದು 1991ರಲ್ಲಿ. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಹಿಟ್ಲರನ ಶಿಬಿರದಿಂದ ಬದುಕಿ ಬಂದ ತಮ್ಮ ತಂದೆಯ ಬಾಯಿಂದ ಕೇಳಿದ್ದನ್ನು ಮಗ ಚಿತ್ರಿಸಿದ್ದು. ದೂರು ಬಂದ ರಾತ್ರಿ ನಾನು ಅದನ್ನು ಮತ್ತೊಮ್ಮೆ ಕೂತು ಓದಿದೆ. ಮೊದಲ ಎರಡು ಪುಟದಲ್ಲಿ ಯುದ್ಧವೇ ಇಲ್ಲ. ಚಿಕ್ಕ ಹುಡುಗ ಸ್ಕೇಟಿಂಗ್ ಮಾಡುವಾಗ ಬೀಳುತ್ತಾನೆ, ಗೆಳೆಯರು ನಗುತ್ತಾ ಬಿಟ್ಟುಹೋಗುತ್ತಾರೆ, ಅಳುತ್ತಾ ಅಪ್ಪನ ಹತ್ತಿರ ಬರುತ್ತಾನೆ. ಮರ ಕೊಯ್ಯುತ್ತಿದ್ದ ಅಪ್ಪ ಕೈ ನಿಲ್ಲಿಸಿ, ಗೆಳೆಯರೇ, ಅವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ವಾರ ಊಟ ಕೊಡದೆ ಇಟ್ಟು ನೋಡು, ಆಗ ಗೆಳೆತನ ಏನೆಂದು ತಿಳಿಯುತ್ತದೆ ಎನ್ನುತ್ತಾನೆ. ಬಿದ್ದು ಬಂದ ಮಗುವಿಗೆ ಅಪ್ಪನಾದವನು ಹೇಳುವ ಮಾತೇ ಅದು? ಆ ಅಪ್ಪನಿಗೆ ಬೇರೆ ಮಾತು ಉಳಿದಿಲ್ಲ. ನಮ್ಮ ದೊಡ್ಡ ತರಗತಿಯ ಮಕ್ಕಳು ಸಮಾಜ ವಿಜ್ಞಾನದಲ್ಲಿ ಹಿಟ್ಲರನನ್ನು ಒಂದು ಅಂಕದ ಪ್ರಶ್ನೆಯಾಗಿ ಉರುಹೊಡೆಯುತ್ತಾರೆ. ಈ ಎರಡು ಪುಟವನ್ನೂ ಓದಿರಲಿ ಎಂಬುದು ನನ್ನ ಆಸೆ.

‘ಅಮೆರಿಕದಲ್ಲೇ ಇದನ್ನು ಬ್ಯಾನ್ ಮಾಡಿದ್ದಾರೆ’ ಎಂಬ ಸಂದೇಶವೂ ಓಡಾಡುತ್ತಿದೆ. ಅರ್ಧ ನಿಜ. 2022ರ ಜನವರಿಯಲ್ಲಿ ಅಲ್ಲಿನ ಟೆನೆಸ್ಸಿ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಅದನ್ನು ಎಂಟನೇ ತರಗತಿಯ ಪಾಠದಿಂದ ಸರ್ವಾನುಮತದಿಂದ ತೆಗೆಯಿತು. ಕೆಲವು ಬೈಗುಳ, ಒಂದು ಸಣ್ಣ ನಗ್ನ ಚಿತ್ರ ಅವರು ಕೊಟ್ಟ ಕಾರಣ. ಅದು ಒಂದು ಜಿಲ್ಲೆಯ ಮಂಡಳಿ, ಇಡೀ ಅಮೆರಿಕ ಅಲ್ಲ. ಮಕ್ಕಳ ವಯಸ್ಸಿನ ಬಗ್ಗೆ ಯೋಚಿಸುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಾವು ಎಡವಿದ್ದೂ ಅಲ್ಲೇ. ಆದರೆ ನಾಲ್ಕನೇ ತರಗತಿಗೆ ಬೇಡವಾದದ್ದು ಒಂಬತ್ತನೇ ತರಗತಿಗೂ ಬೇಡ ಎನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಸೋಮವಾರದಿಂದ ಹೀಗೆ ಮಾಡುತ್ತಿದ್ದೇವೆ. ಕಾಮಿಕ್ಸ್ ಎರಡು ಕಪಾಟಿನಲ್ಲಿ ಇರುತ್ತವೆ. ಹಸಿರು ಚೀಟಿ ಅಂಟಿಸಿದ್ದು ಎಲ್ಲರಿಗೂ. ಕೆಂಪು ಚೀಟಿಯದು ಬೀಗದ ಬೀರುವಿನಲ್ಲಿ, ಎಂಟನೇ ತರಗತಿಯಿಂದ ಮೇಲೆ, ಟೀಚರ್ ಜೊತೆಗೆ, ಮನೆಗೆ ಕೊಡುವುದಿಲ್ಲ. ಫ್ಯಾಂಟಮ್ ಹಸಿರಿಗೋ ಕೆಂಪಿಗೋ ಎಂದು ಸ್ಟಾಫ್‌ರೂಮಿನಲ್ಲಿ ಇನ್ನೂ ಚರ್ಚೆ ನಡೆದಿದೆ. ಹೊಡೆದಾಟಕ್ಕಿಂತ ನನಗೆ ಅದರಲ್ಲಿ ಕಾಡಿನ ಜನರನ್ನು ತೋರಿಸಿದ ರೀತಿ ತಕರಾರು. ಕ್ಯಾಲ್ವಿನ್ ಹಾಬ್ಸ್ ಹಸಿರಿಗೇ ಹೋಯಿತು, ಅದನ್ನು ಓದಿದ ಮಕ್ಕಳು ನನ್ನನ್ನು ನೋಡಿ ಅದರಲ್ಲಿನ ಟೀಚರ್ ಮಿಸ್ ವರ್ಮ್‌ವುಡ್ ಥರ ಇದ್ದಾರೆಂದು ನಗುತ್ತಾರೆ, ನಗಲಿ.

ಕಪಾಟನ್ನು ನೀವೇ ಬಂದು ನೋಡಬಹುದು. ಶನಿವಾರ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಲೈಬ್ರರಿ ತೆರೆದಿರುತ್ತದೆ. ಯಾವ ಪುಸ್ತಕದ ಚೀಟಿಯ ಬಣ್ಣ ತಪ್ಪೆನಿಸಿದರೂ ಹೇಳಿ, ಕೂತು ಮಾತಾಡೋಣ. ಗುಂಪಿನಲ್ಲಿ ಬರೆದರೆ ನಾನು ಉತ್ತರಿಸುವುದಿಲ್ಲ.

ನಿಮ್ಮ ಮಗು ಕಾಮಿಕ್ಸ್ ಮನೆಗೆ ತರಬಹುದೋ ಬೇಡವೋ ಎಂಬುದನ್ನು ಡೈರಿಯಲ್ಲಿ ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿ.

ಬೇಡ ಎಂದವರ ಮಕ್ಕಳಿಗೆ ಮನೆಗೆ ಬೇರೆ ಪುಸ್ತಕ ಕೊಡುತ್ತೇವೆ, ಅದರಲ್ಲಿ ಎರಡು ಮಾತಿಲ್ಲ. ಅವರೂ ಪೀರಿಯಡ್‌ನಲ್ಲಿ ಪಕ್ಕದವರ ಸುಪ್ಪಂಡಿಯನ್ನು ಇಣುಕಿ ನೋಡಿದರೆ ತಡೆಯುವುದು ನನ್ನ ಕೈಲಾಗದು, ಮೊದಲೇ ಹೇಳಿರುತ್ತೇನೆ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ

ಮರೆತಿದ್ದೆ: ಶಿಕಾರಿ ಶಂಭು ಇರುವ ಒಂದು ಟಿಂಕಲ್ ಎರಡು ವಾರದಿಂದ ಕಾಣುತ್ತಿಲ್ಲ, ರಟ್ಟಿಗೆ ನೀಲಿ ಟೇಪ್ ಹಚ್ಚಿದೆ. ದೊಡ್ಡವರು ಯಾರೋ ಓದಲು ಇಟ್ಟುಕೊಂಡಿದ್ದಾರೆಂದು ಮಕ್ಕಳೇ ಹೇಳುತ್ತಿದ್ದಾರೆ. ಓದಿ ಮುಗಿದ ಮೇಲೆ ಕಳಿಸಿಕೊಡಿ.