ಗಣಿತದ ಕಪಾಟಿನಿಂದ ಮನೆಗೆ ಬರುವ ಪುಸ್ತಕ: ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ.

ಈ ಶನಿವಾರದಿಂದ ನಿಮ್ಮ ಮಗುವಿನ ಚೀಲದಲ್ಲಿ ಪಠ್ಯಪುಸ್ತಕವಲ್ಲದ ಒಂದು ಗಣಿತದ ಪುಸ್ತಕ ಮನೆಗೆ ಬರುತ್ತದೆ. ಶಾಲೆಯ ಗ್ರಂಥಾಲಯದಲ್ಲಿ ಗಣಿತಕ್ಕೆಂದೇ ಒಂದು ಕಪಾಟು ಮೀಸಲಿಟ್ಟಿದ್ದೇವೆ. ಅಲ್ಲಿಂದ ಮಗು ತಾನೇ ಆರಿಸಿಕೊಂಡ ಪುಸ್ತಕ ಅದು. ಅದರ ಮೇಲೆ ಪರೀಕ್ಷೆಯಿಲ್ಲ, ಅಂಕವಿಲ್ಲ, ಇಷ್ಟು ಪುಟ ಮುಗಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಪಾಠಗಳೇ ಮುಗಿಯದಿರುವಾಗ ಇದೇಕೆ ಎಂದು ಪೋಷಕರ ಸಭೆಯಲ್ಲಿ ಕೆಲವರು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಉತ್ತರ ತರುವುದನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯುತ್ತಿದ್ದಾರೆ. ಅದು ಹೇಗೆ ಬಂತು, ಯಾಕೆ ಹಾಗೆಯೇ ಬರಬೇಕು ಎಂದು ಹೇಳುವುದನ್ನು ಅಷ್ಟು ಚೆನ್ನಾಗಿ ಕಲಿಯುತ್ತಿಲ್ಲ. ಅದನ್ನು ಶಾಲೆಯೊಂದೇ ಕಲಿಸಲಾರದು. ಮನೆಯಲ್ಲೂ ಲೆಕ್ಕದ ಬಗ್ಗೆ ಮಾತು ನಡೆಯಬೇಕು. ಮಾತಿಗೆ ಒಂದು ನೆಪ ಬೇಕಲ್ಲ, ಈ ಪುಸ್ತಕಗಳು ಆ ನೆಪ.

ಒಂದು ಲೆಕ್ಕವನ್ನೇ ನೋಡಿ. ಭಿನ್ನರಾಶಿ ಕಲಿಯತೊಡಗಿದ ಮಕ್ಕಳಲ್ಲಿ ಹಲವರು 1/2 + 1/3 = 2/5 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು "ಲ.ಸಾ.ಅ. ತೆಗೆದು ಮಾಡು" (ಕೆಳಗಿನ ಎರಡೂ ಅಂಕಿಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆಯೇ ಲ.ಸಾ.ಅ.) ಎಂದು ಬರೆದರೆ ಮರುದಿನ 5/6 ಎಂಬ ಸರಿಯುತ್ತರ ಬಂದೇ ಬರುತ್ತದೆ. ಆದರೆ ಮಗುವಿನ ತಿಳಿವಳಿಕೆ ಇದ್ದಲ್ಲೇ ಇರುತ್ತದೆ. ಐದನೆಯ ತರಗತಿಯ ನಮ್ಮ ಶಿಕ್ಷಕಿ ಅಡ್ಡಗೆರೆ ಎಳೆಯದೆ, "2/5 ಎನ್ನುವುದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಎಂದು ಕೇಳಿದರು. ಹುಡುಗಿ ಕೊಂಚ ಯೋಚಿಸಿ "ಕಡಿಮೆ" ಎಂದಳು. "ನಿನ್ನ ಹತ್ತಿರ ಅರ್ಧ ಇತ್ತು, ನಾನು ಇನ್ನಷ್ಟು ಕೊಟ್ಟೆ. ಈಗ ಅರ್ಧಕ್ಕಿಂತಲೂ ಕಡಿಮೆ ಆಗಿಬಿಟ್ಟಿತೇ?" ಹುಡುಗಿ ತಾನು ಬರೆದದ್ದನ್ನೇ ದಿಟ್ಟಿಸಿ ನೋಡುತ್ತಾ ಕುಳಿತಳು. ಆಮೇಲೆ ಒಂದೇ ಉದ್ದದ ಎರಡು ಕಾಗದದ ಪಟ್ಟಿ ತೆಗೆದುಕೊಂಡು ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ ಮಡಿಚಿದಳು. ತುಂಡುಗಳು ಒಂದಕ್ಕೊಂದು ಹೊಂದಲಿಲ್ಲ. ಎರಡನ್ನೂ ಆರಾರು ಮಡಿಕೆ ಮಾಡಿದಾಗ ಅರ್ಧದಲ್ಲಿ ಮೂರು, ಮೂರನೆಯ ಒಂದರಲ್ಲಿ ಎರಡು, ಒಟ್ಟು ಐದು ತುಂಡು ಕಾಣಿಸಿತು. "ತುಂಡುಗಳು ಒಂದೇ ಅಳತೆಯವಾಗದೆ ಎಣಿಸುವುದು ಹೇಗೆ?" ಎಂದು ಅವಳೇ ಕೇಳಿದಳು. ಲ.ಸಾ.ಅ. ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೂ ಗೊತ್ತಿಲ್ಲ.

ರಿಚರ್ಡ್ ಸ್ಕೆಂಪ್ ಎಂಬ ಗಣಿತ ಶಿಕ್ಷಣ ತಜ್ಞರು 1976ರಲ್ಲಿ ಬರೆದ ಲೇಖನವೊಂದರಲ್ಲಿ ಈ ಎರಡು ಬಗೆಯ ತಿಳಿವಳಿಕೆಯನ್ನು ಬೇರ್ಪಡಿಸಿ ತೋರಿಸಿದರು: ಸೂತ್ರ ಗೊತ್ತಿರುವುದು ಒಂದು, ಸೂತ್ರದ ಹಿಂದಿನ ಕಾರಣ ಗೊತ್ತಿರುವುದು ಇನ್ನೊಂದು. ಮೊದಲನೆಯದು ಬೇಗ ಫಲ ಕೊಡುತ್ತದೆ. ಹಾಗಾಗಿಯೇ ಶಿಕ್ಷಕರೂ ಪೋಷಕರೂ ಅದಕ್ಕೆ ಮನಸೋಲುತ್ತೇವೆ. ಆದರೆ ಏಳನೆಯ, ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಸೂತ್ರಗಳು ಒಂದರೊಳಗೊಂದು ಕಲಸಿಹೋಗಿ, ಅಲ್ಲಿಯವರೆಗೆ ಮುಂದಿದ್ದ ಮಗು ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತದೆ. "ಪ್ರಾಥಮಿಕದಲ್ಲಿ ಚೆನ್ನಾಗಿಯೇ ಮಾಡುತ್ತಿದ್ದ, ಈಗೇನಾಯಿತೋ" ಎಂದು ನೀವು ನೊಂದು ಹೇಳುವುದನ್ನು ಕೇಳುತ್ತಲೇ ಇರುತ್ತೇನೆ. ಬಹಳ ಸಲ ಕಾರಣ ಇದೇ.

ಆದ್ದರಿಂದ ಕೆಳಗಿನ ತರಗತಿಗಳಲ್ಲಿ ಮೊದಲು ಕೈಗೆ ಸಿಗುವ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಮತ್ತು ಚಿಹ್ನೆ ಎಂಬ ಕ್ರಮದಲ್ಲಿ ಹೋಗುತ್ತಿದ್ದೇವೆ. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದ ಹಾದಿ ಇದು. ಸಿಂಗಪುರದ ಶಾಲೆಗಳು 1980ರ ದಶಕದಿಂದ ಇದನ್ನು ನೆಚ್ಚಿಕೊಂಡಿವೆ. ನಿಮ್ಮ ಮಗುವಿನ ನೋಟ್‌ಪುಸ್ತಕದಲ್ಲಿ 23 × 14 ಎಂಬ ಗುಣಾಕಾರದ ಪಕ್ಕ ಒಂದು ಆಯತ, ಅದರೊಳಗೆ ನಾಲ್ಕು ಮನೆ ಕಂಡರೆ ಅದು ಕಾಲಹರಣವಲ್ಲ. 20 × 10 = 200, 20 × 4 = 80, 3 × 10 = 30, 3 × 4 = 12; ಕೂಡಿದರೆ 322. ಎರಡನೆಯ ಸಾಲಿನಲ್ಲಿ ಒಂದು ಮನೆ ಬಿಟ್ಟು ಬರೆಯುವುದೇಕೆ ಎಂಬ ಗುಟ್ಟು ಆ ಆಯತದಲ್ಲಿದೆ. ಮುಂದೆ ಬೀಜಗಣಿತದಲ್ಲಿ ಎರಡು ಆವರಣಗಳನ್ನು ಗುಣಿಸುವಾಗಲೂ ಇದೇ ಚಿತ್ರ ಕೈಹಿಡಿಯುತ್ತದೆ.

ಮಗ್ಗಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚು ಆತಂಕ ಇರುವುದು ಅಲ್ಲಿ. ಮಗ್ಗಿ ಬೇಕು. ನಾಲಗೆಯ ತುದಿಯಲ್ಲಿ ಇರಬೇಕು ಎನ್ನುವವರ ಪೈಕಿ ನಾನೂ ಒಬ್ಬಳು. ಆದರೆ ಏಳೆಂಟಲ ಎಷ್ಟು ಎಂದು ಮರೆತ ಮಗು ಮೊದಲಿನಿಂದ ಪಠಿಸುವುದನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲದೆ ನಿಲ್ಲಬಾರದು. ಏಳೇಳಲ ನಲವತ್ತೊಂಬತ್ತು, ಇನ್ನೊಂದು ಏಳು ಸೇರಿದರೆ ಐವತ್ತಾರು. ಇಲ್ಲವೇ ಐದೆಂಟಲ ನಲವತ್ತು, ಎರಡೆಂಟಲ ಹದಿನಾರು, ಎರಡೂ ಸೇರಿ ಐವತ್ತಾರು. ಹೀಗೆ ತಾನೇ ದಾರಿ ಮಾಡಿಕೊಂಡ ಮಗುವಿಗೆ ಮಗ್ಗಿ ಮರೆಯುವ ಭಯವಿರುವುದಿಲ್ಲ. ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಎಂದು ಮಗ್ಗಿ ಕೇಳುವ ಪರೀಕ್ಷೆಯನ್ನು ಈ ವರ್ಷದಿಂದ ನಿಲ್ಲಿಸಿದ್ದೇವೆ. ತಿಳಿವಳಿಕೆ ಗಟ್ಟಿಯಾದಲ್ಲಿ ವೇಗ ತಾನಾಗಿ ಬರುತ್ತದೆ. ವೇಗಕ್ಕಾಗಿ ಅಟ್ಟಿಸಿಕೊಂಡು ಹೋದಲ್ಲಿ ಮೊದಲು ಬರುವುದು ಹೆದರಿಕೆ.

ಇನ್ನು ಪುಸ್ತಕಗಳು. ತೀರಾ ಚಿಕ್ಕವರಿಗೆ ಚಿತ್ರಪುಸ್ತಕಗಳಿವೆ. ಅವುಗಳಲ್ಲಿ ನನಗೆ ಅಚ್ಚುಮೆಚ್ಚು ಜಪಾನಿನ ಮಿತ್ಸುಮಾಸ ಅನ್ನೊ ಅವರ ಎಣಿಕೆಯ ಪುಸ್ತಕ. ಅದರಲ್ಲಿ ಕಥೆ ಹೇಳುವ ಮಾತೇ ಇಲ್ಲ. ಮೊದಲ ಚಿತ್ರ ಸೊನ್ನೆಯದು: ಹಿಮ ಮುಸುಕಿದ ಖಾಲಿ ಬಯಲು. ಪುಟ ತಿರುವಿದಂತೆ ಮನೆ, ಮರ, ಜನ ಒಂದೊಂದಾಗಿ ಕೂಡುತ್ತಾ ಹನ್ನೆರಡರವರೆಗೆ ಊರು ಬೆಳೆಯುತ್ತದೆ. "ಇಲ್ಲಿ ಏನೇನು ನಾಲ್ಕಿದೆ?" ಎಂದು ಕೇಳಿ ಸುಮ್ಮನಿರಿ. ಮಗು ಹುಡುಕಿಕೊಳ್ಳುತ್ತದೆ.

ಕೊಂಚ ದೊಡ್ಡವರಿಗಾಗಿ ಭಾಸ್ಕರಾಚಾರ್ಯರ ಲೀಲಾವತಿಯಿಂದ ಆಯ್ದ ಲೆಕ್ಕಗಳನ್ನು ಸರಳ ಗದ್ಯದಲ್ಲಿ ಬರೆಸಿ ಇಟ್ಟಿದ್ದೇವೆ. 1150ರಲ್ಲಿ ಪದ್ಯರೂಪದಲ್ಲಿ ರಚನೆಯಾದ ಗ್ರಂಥ ಅದು. ಗಣಿತವನ್ನು ಪದ್ಯದಲ್ಲಿ ಹೇಳುವ ರೂಢಿ ಕನ್ನಡಕ್ಕೂ ಹೊಸದಲ್ಲ. ರಾಜಾದಿತ್ಯ ಕವಿ 12ನೆಯ ಶತಮಾನದಲ್ಲೇ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದ. ಲೀಲಾವತಿಯ ಒಂದು ಲೆಕ್ಕ ಹೀಗಿದೆ. ದುಂಬಿಗಳ ಹಿಂಡಿನಲ್ಲಿ ಐದರಲ್ಲೊಂದು ಪಾಲು ಕದಂಬದ ಹೂವಿಗೆ ಹೋಯಿತು, ಮೂರರಲ್ಲೊಂದು ಪಾಲು ಶಿಲೀಂಧ್ರವೆಂಬ ಗಿಡದ ಹೂವಿಗೆ. ಈ ಎರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ ಹಾರಿತು. ಉಳಿದ ಒಂದೇ ದುಂಬಿ ಕೇದಗೆ, ಮಲ್ಲಿಗೆಗಳ ಪರಿಮಳಕ್ಕೆ ಮರುಳಾಗಿ ಅತ್ತಿಂದಿತ್ತ ಅಲೆಯುತ್ತಿದೆ. ಹಿಂಡಿನಲ್ಲಿ ಎಷ್ಟು ದುಂಬಿಗಳಿದ್ದವು?

ಇದನ್ನು ಮಗುವಿಗೆ ಓದಿ ಹೇಳಿ, ಪೆನ್ಸಿಲ್ ಕೊಡಿ. ಸಮೀಕರಣ ಗೊತ್ತಿಲ್ಲದ ಮಗುವೂ ಇದನ್ನು ಬಿಡಿಸಬಲ್ಲದು. ಐದಕ್ಕೂ ಮೂರಕ್ಕೂ ಪಾಲಾಗಬೇಕಾದರೆ ಹಿಂಡನ್ನು ಹದಿನೈದು ಮನೆಗಳ ಪಟ್ಟಿಯಾಗಿ ಬರೆಯಬಹುದು. ಕದಂಬಕ್ಕೆ ಮೂರು ಮನೆ, ಶಿಲೀಂಧ್ರಕ್ಕೆ ಐದು. ವ್ಯತ್ಯಾಸ ಎರಡು, ಅದರ ಮೂರು ಪಟ್ಟು ಆರು. ಒಟ್ಟು ಹದಿನಾಲ್ಕು ಮನೆ ತುಂಬಿ ಒಂದು ಉಳಿಯಿತು. ಆ ಒಂದು ಮನೆಯೇ ಒಂಟಿ ದುಂಬಿ. ಮಗು ಇಷ್ಟಕ್ಕೆ ತಲುಪಿದ ಮೇಲೆ "ಎರಡು ದುಂಬಿ ಉಳಿದಿದ್ದರೆ?" ಎಂದು ಕೇಳಿ ನೋಡಿ. ಉತ್ತರಕ್ಕಿಂತ ಈ ಮುಂದಿನ ಪ್ರಶ್ನೆಯಲ್ಲೇ ಹೆಚ್ಚು ಕಲಿಕೆ ಇದೆ.

ಕಥೆಯ ಜಾಡಿನಲ್ಲಿ ಲೆಕ್ಕ ಬೇಕೆನ್ನುವವರಿಗೆ ಬ್ರೆಜಿಲ್‌ನ ಗಣಿತ ಶಿಕ್ಷಕರೊಬ್ಬರು ಮಲ್ಬಾ ತಹಾನ್ ಎಂಬ ಹೆಸರಿನಲ್ಲಿ ಬರೆದ 'ದಿ ಮ್ಯಾನ್ ಹೂ ಕೌಂಟೆಡ್' ಇದೆ. 35 ಒಂಟೆಗಳನ್ನು ಮೂವರು ಅಣ್ಣತಮ್ಮಂದಿರಿಗೆ ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು ಎಂದು ಹಂಚಬೇಕು. ಒಂದು ಒಂಟೆ ಸೇರಿಸಿ 36 ಮಾಡಿದರೆ 18, 12, 4 ಎಂದು ಸಲೀಸಾಗಿ ಹಂಚಿಹೋಗಿ ಎರಡು ಒಂಟೆ ಮಿಗುತ್ತವೆ! ಇದು ಹೇಗೆ ಸಾಧ್ಯ ಎಂದು ನೀವೂ ಮಗುವೂ ಒಟ್ಟಿಗೆ ತಲೆ ಕೆಡಿಸಿಕೊಳ್ಳಿ. ಆ ಮೂರು ಪಾಲುಗಳನ್ನು ಕೂಡಿದರೆ ಎಷ್ಟಾಗುತ್ತದೆ ಎಂದು ನೋಡಿದರೆ ಎಳೆ ಸಿಗುತ್ತದೆ.

ರಷ್ಯಾದ ಲೇಖಕ ಯಾಕೊವ್ ಪೆರೆಲ್‌ಮನ್ ಅವರ ಪುಸ್ತಕಗಳನ್ನು ಪ್ರೌಢಶಾಲೆಯ ಮಕ್ಕಳಿಗೆ ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಓದುಗನಿಂದ ಮೊದಲು ಒಂದು ಅಂದಾಜು ಹೇಳಿಸಿ, ಆ ಅಂದಾಜು ಎಷ್ಟು ದೂರ ಹೋಯಿತೆಂದು ಆಮೇಲೆ ತೋರಿಸುವುದು ಅವರ ರೀತಿ. ಲೆನಿನ್‌ಗ್ರಾಡ್ ಮುತ್ತಿಗೆಯ ಸಮಯದಲ್ಲಿ, 1942ರಲ್ಲಿ ತೀರಿಕೊಂಡ ಈ ಲೇಖಕರನ್ನು ಮಕ್ಕಳು ಇಂದಿಗೂ ಬಿಡದೆ ಓದುತ್ತಾರೆ. ಶಕುಂತಲಾ ದೇವಿಯವರ ಒಗಟುಗಳೂ ಮಾರ್ಟಿನ್ ಗಾರ್ಡ್ನರ್ ಅವರ ಸಂಗ್ರಹಗಳೂ ಅದೇ ಸಾಲಿನಲ್ಲಿವೆ. ಇಂಗ್ಲಿಷ್ ಪುಸ್ತಕಗಳ ಬಗ್ಗೆ ಅಳುಕಬೇಡಿ. ಪ್ರತಿ ಪುಸ್ತಕದಲ್ಲೂ ಕೆಲವು ಲೆಕ್ಕಗಳನ್ನು ನಮ್ಮ ಶಿಕ್ಷಕರು ಕನ್ನಡದಲ್ಲಿ ಚೀಟಿ ಬರೆದು ಆಯಾ ಪುಟದಲ್ಲಿ ಇಟ್ಟಿದ್ದಾರೆ.

ಪುಸ್ತಕದೊಡನೆ ಕೂರುವ ರೀತಿಯ ಬಗ್ಗೆ ಒಂದೆರಡು ಮಾತು. ಕಥೆಪುಸ್ತಕದಂತೆ ಇದನ್ನು ಓದಿ ಮುಗಿಸಲಾಗದು. ಒಂದು ಸಂಜೆಗೆ ಒಂದು ಲೆಕ್ಕ ಧಾರಾಳವಾಯಿತು, ಅದೂ ಬಗೆಹರಿಯದೆ ಉಳಿದರೆ ಉಳಿಯಲಿ. ಹಿಂದಿನ ಉತ್ತರದ ಪುಟಗಳನ್ನು ಕ್ಲಿಪ್ ಹಾಕಿ ಮುಚ್ಚಿದ್ದೇವೆ, ದಯವಿಟ್ಟು ನೀವೂ ಬೇಗ ತೆರೆಯಬೇಡಿ. ಮಗು ತಡವರಿಸಿದಾಗ ಉತ್ತರ ಹೇಳಿಬಿಡುವ ತವಕವನ್ನು ತಡೆದುಕೊಳ್ಳುವುದೇ ಕಷ್ಟ. ಆಗ ಕೇಳಬಹುದಾದ ಪ್ರಶ್ನೆಗಳನ್ನು ಗಣಿತಜ್ಞ ಜಾರ್ಜ್ ಪೋಲ್ಯ ತಮ್ಮ 1945ರ 'ಹೌ ಟು ಸಾಲ್ವ್ ಇಟ್' ಪುಸ್ತಕದಲ್ಲಿ ಕೊಟ್ಟಿದ್ದಾರೆ. ಅದನ್ನು ಪೋಷಕರಿಗೆಂದೇ ಕಪಾಟಿನಲ್ಲಿ ಇಟ್ಟಿದ್ದೇನೆ. ಏನು ಕೇಳಿದ್ದಾರೆ? ಏನೇನು ಕೊಟ್ಟಿದ್ದಾರೆ? ಚಿತ್ರ ಬರೆಯಬಹುದೇ? ಇದಕ್ಕಿಂತ ಸುಲಭದ ಇಂಥದೇ ಲೆಕ್ಕ ಮೊದಲು ಮಾಡಿ ನೋಡೋಣವೇ? ಉತ್ತರ ಸರಿ ಬಂದಾಗಲೂ "ಹೇಗೆ ಬಂತು?" ಎಂದು ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಮಗು ಆ ಪ್ರಶ್ನೆ ಕಿವಿಗೆ ಬಿದ್ದ ತಕ್ಷಣ ಅಳಿಸುವ ರಬ್ಬರ್ ಹುಡುಕುತ್ತದೆ.

ಇನ್ನೊಂದು ವಿನಂತಿ. "ನನಗೂ ಗಣಿತ ತಲೆಗೆ ಹತ್ತುತ್ತಿರಲಿಲ್ಲ" ಎಂದು ಮಗುವಿನ ಎದುರು ಹೇಳಬೇಡಿ. ಸಮಾಧಾನಕ್ಕೆಂದೇ ಹೇಳುತ್ತೀರಿ, ಆದರೆ ಮಗು ಅದನ್ನು ಹಣೆಬರಹವೆಂದು ಕೇಳಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳ ಬಗ್ಗೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಗಣಿತದ ಭಯವಿರುವ ಪೋಷಕರು ಹೋಂವರ್ಕಿನಲ್ಲಿ ಪದೇ ಪದೇ ನೆರವಾದಾಗ ಮಕ್ಕಳು ಆ ವರ್ಷ ಕಲಿತದ್ದು ಕಡಿಮೆ, ಅವರ ಭಯವೂ ಹೆಚ್ಚಿತ್ತು. ನಿಮಗೆ ಲೆಕ್ಕ ಬಾರದಿದ್ದರೆ ಕಲಿಸಲು ಹೋಗಬೇಡಿ, ಮಗುವಿನಿಂದ ಹೇಳಿಸಿಕೊಳ್ಳಿ. "ನನಗೆ ಅರ್ಥವಾಗುವ ಹಾಗೆ ಹೇಳು" ಎಂದು ನಿಜವಾಗಿ ಕೇಳುವ ಅಪ್ಪ ಅಮ್ಮ ಸಿಕ್ಕರೆ ಮಗು ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ.

ಶಾಲೆಗೆ ಸೇರುವ ಮುಂಚಿನ ಪುಟಾಣಿಗಳು ಮನೆಯಲ್ಲಿದ್ದರೆ ಅಂಕಿಗಳನ್ನು ಸಾಲಾಗಿ ಬರೆದ ಮನೆಗಳ ಮೇಲೆ ಕಾಯಿ ನಡೆಸುವ ಆಟ ಆಡಿಸಿ, ಪ್ರತಿ ಮನೆಯ ಅಂಕಿಯನ್ನು ಬಾಯಿಬಿಟ್ಟು ಹೇಳಿಸಿ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು ಒಂದು ಗಂಟೆಯಷ್ಟು ಇಂಥ ಆಟ ಆಡಿದ ಮಕ್ಕಳ ಸಂಖ್ಯಾಜ್ಞಾನ ಉತ್ತಮಗೊಂಡಿತ್ತು. ಅಂಕಿಯ ಬದಲು ಬಣ್ಣದ ಮನೆಗಳಿದ್ದ ಅದೇ ಆಟದಿಂದ ಆ ಫಲ ಸಿಗಲಿಲ್ಲ.

ಈ ವಾರದ ಚೀಟಿಯಲ್ಲಿ ಎಲ್ಲ ವಯಸ್ಸಿನವರಿಗೂ ಆಗುವ ಲೆಕ್ಕವೊಂದನ್ನು ಇಟ್ಟಿದ್ದೇವೆ. ಅದನ್ನು ಕಂಡುಹಿಡಿದವರು ಡಿ. ಆರ್. ಕಾಪ್ರೇಕರ್ (1905–1986), ವೃತ್ತಿಯಿಂದ ಶಾಲಾ ಶಿಕ್ಷಕರು. ನಾಲ್ಕಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಿ. ಹುಟ್ಟಿದ ವರ್ಷ 1987 ಎಂದುಕೊಳ್ಳಿ: 9871 − 1789 = 8082; 8820 − 0288 = 8532; 8532 − 2358 = 6174. ಮುಂದೆ ಎಷ್ಟು ಸಲ ಕಳೆದರೂ 6174 ಕದಲುವುದಿಲ್ಲ. ಬೇರೆ ಯಾವ ವರ್ಷದಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ಸೇರುತ್ತೀರಿ. ಮಗುವಿಗೆ ಹೇಳುವಾಗ 6174 ಎಂಬ ಸಂಖ್ಯೆಯನ್ನು ಮಾತ್ರ ಬಾಯಿಬಿಡಬೇಡಿ. ಮನೆಮಂದಿಯ ಹುಟ್ಟಿದ ವರ್ಷಗಳನ್ನೆಲ್ಲ ಹಂಚಿಕೊಂಡು ಮಾಡಿ. ಯಾರದು ಎಷ್ಟು ಹೆಜ್ಜೆ ತೆಗೆದುಕೊಂಡಿತೆಂದು ಮಗು ಬರೆದು ತಂದರೆ ಸೋಮವಾರ ತರಗತಿಯ ಗೋಡೆಗೆ ಹಚ್ಚುತ್ತೇವೆ.

ಪುಸ್ತಕಗಳನ್ನು ಮುಂದಿನ ಶುಕ್ರವಾರ ಹಿಂದಿರುಗಿಸಿದರೆ ಸಾಕು. ಇನ್ನೊಂದು ವಾರ ಬೇಕೆಂದರೆ ಮಗು ಹೇಳಿದರೆ ಆಯಿತು. ಕಚ್ಚಾ ಲೆಕ್ಕಕ್ಕೆ ಪುಸ್ತಕದ ಜೊತೆಗೇ ಒಂದು ತೆಳ್ಳಗಿನ ನೋಟ್‌ಪುಸ್ತಕ ಕೊಡುತ್ತೇವೆ. ಅದರಲ್ಲಿ ಹೊಡೆದುಹಾಕಿದ ಗೆರೆಗಳು, ಅರ್ಧಕ್ಕೆ ನಿಂತ ಚಿತ್ರಗಳು ಇದ್ದರೆ ಹಾಗೆಯೇ ಇರಲಿ, ಅಂದಗೊಳಿಸಬೇಡಿ. ನಮ್ಮ ಶಿಕ್ಷಕರು ಅವನ್ನೇ ನೋಡಬಯಸುತ್ತಾರೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ